ಸುಳಿವಿನ ಭಾವ

ಪುತ್ತೂರು, ಸುಳ್ಯ, ಕಡಬ ಸೀಮೆಯ ತೋಟದ ಮನೆಗಳಲ್ಲಿ ಈಗ ಒಬ್ಬ ಹೊಸ ಬಗೆಯ ಭಾವ ಕಾಣಸಿಗುತ್ತಾನೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ಲಾಕ್‌ಡೌನಿನಲ್ಲಿ ಊರಿಗೆ ಹೊತ್ತು ತಂದವನು, ತಿರುಗಿ ಒಯ್ಯಲು ಮನಸ್ಸು ಮಾಡಲಿಲ್ಲ. ಹಗಲು ಮೀಟಿಂಗು, ಸಂಜೆ ಸ್ಪ್ರಿಂಕ್ಲರು. ರಾತ್ರಿ ಊಟವಾದ ಮೇಲೆ ಚಾವಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಯಾವುದೋ ಹಳೆಯ ಪೆಟ್ಟಿಗೆಯನ್ನು ತೆರೆಯ ಮೇಲೆ ತಿರುಗಿಸಿ ತಿರುಗಿಸಿ ನೋಡುತ್ತ ಕೂರುತ್ತಾನೆ. ಪಕ್ಕದಲ್ಲೊಂದು ನೋಟ್‌ಪುಸ್ತಕ, ಅದರಲ್ಲಿ ಅಡಿಕೆ ಲೆಕ್ಕದ ಕೆಳಗೆ ತ್ರಿಕೋನ, ಚಂದ್ರ, ನಾಲ್ಕಂಕಿಯ ಬೀಗದ ಸಂಖ್ಯೆ. "ಎಂತದ್ದು ಅದು, ಗಂಟೆಯಿಂದ ಒಂದು ಬಾಗಿಲು ತೆಗೀಲಿಕ್ಕೆ ಆಗದ್ದು?" ಎಂದು ಅಡುಗೆಮನೆಯಿಂದ ಪ್ರಶ್ನೆ ಬಂದರೆ ಉತ್ತರವಿಲ್ಲ. ಈ ಭಾವನನ್ನು ಗುರುತಿಸಲು ಲ್ಯಾಪ್‌ಟಾಪೇ ಬೇಕೆಂದಿಲ್ಲ. ಮದುವೆಯ ಕಾಗದ ಬಂದರೆ ಉಳಿದವರು ದಿನ, ಮುಹೂರ್ತ ನೋಡುತ್ತಾರೆ. ಇವನು 'ಸುಖಾಗಮನ ಬಯಸುವವರ' ಪಟ್ಟಿಯಲ್ಲಿ ಯಾವ ದೊಡ್ಡಪ್ಪನ ಹೆಸರಿಲ್ಲ ಎಂದು ನೋಡಿ, ಪಾಲುಪಟ್ಟಿಯ ಜಗಳ ಎಲ್ಲಿಯವರೆಗೆ ಬಂದಿದೆ ಎಂದು ಹೇಳುತ್ತಾನೆ. ಹೆಚ್ಚಿನ ಸಲ ಸರಿಯಾಗಿಯೇ ಹೇಳುತ್ತಾನೆ ಎಂಬುದು ಮನೆಯವರ ಕಷ್ಟ.

ಇವನಿಗೆ ಒಗಟಿನ ಚಟ ಎಂದು ಎಲ್ಲರೂ ತೀರ್ಮಾನಿಸಿದ್ದಾರೆ. ಅದು ತಪ್ಪು. ಒಗಟೇ ಬೇಕಿದ್ದರೆ ದಿನಪತ್ರಿಕೆಯಲ್ಲಿ ಪದಬಂಧ ಉಂಟು, ಸುಡೊಕು ಉಂಟು; ಭಾವ ಅವುಗಳ ಮೇಲೆ ಚಹಾದ ಲೋಟ ಇಡುತ್ತಾನೆ. ಅವನಿಗೆ ಬೇಕಾದದ್ದು ಹಿಂದೆ ಒಂದು ಕತೆಯಿರುವ ಬೀಗ. 1993ರಲ್ಲಿ ಅಮೆರಿಕದ ಮಿಲ್ಲರ್ ಸಹೋದರರು ಮಾಡಿದ 'ಮಿಸ್ಟ್' ಎಂಬ ಆಟದಲ್ಲಿ ಒಂದು ನಿರ್ಜನ ದ್ವೀಪ, ಕೆಲವು ಯಂತ್ರ, ಕೆಲವು ಪುಸ್ತಕ. ಕೊಲ್ಲಲು ಒಬ್ಬ ಶತ್ರುವೂ ಇಲ್ಲದ ಆ ದ್ವೀಪವನ್ನು ಲಕ್ಷಾಂತರ ಜನ ಕೊಂಡು ಆಡಿದರು. 2012ರ 'ದಿ ರೂಮ್' ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು, ನಡುನಡುವೆ ಯಾರೋ ಬರೆದಿಟ್ಟ ಪತ್ರಗಳನ್ನು ತುರುಕಿತು. ಲೂಕಸ್ ಪೋಪ್ ಎಂಬಾತ 2018ರಲ್ಲಿ ಹೊರತಂದ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಇನ್ನೂ ವಿಚಿತ್ರ: ಆಡುವವನು ಈಸ್ಟ್ ಇಂಡಿಯಾ ಕಂಪನಿಯ ವಿಮಾ ಅಧಿಕಾರಿ, 1807ರಲ್ಲಿ ಜನರಿಲ್ಲದೆ ತೇಲಿಬಂದ ಹಡಗನ್ನು ಹತ್ತಿ, ಅದರಲ್ಲಿದ್ದ 60 ಮಂದಿಯಲ್ಲಿ ಯಾರು ಯಾರು, ಏನಾದರು ಎಂದು ಪುಸ್ತಕದಲ್ಲಿ ತುಂಬಿಸಬೇಕು. ವಿಮೆಯ ಕಾಗದ ತುಂಬಿಸುವುದನ್ನು ದುಡ್ಡು ಕೊಟ್ಟು ಮಾಡುವವರಿದ್ದಾರೆ ಎಂದರೆ ಇಲ್ಲಿಯ ಹಿರಿಯರು ನಂಬಲಾರರು. ಬೆಳೆವಿಮೆಯ ಕಾಗದ ತುಂಬಿಸಲು ಅವರು ಬೇರೆಯವರಿಗೆ ದುಡ್ಡು ಕೊಟ್ಟು ರೂಢಿ. ಆದರೆ ಭಾವ ಹಡಗಿನವರ ಶೂಸುಗಳನ್ನೂ ಮಲಗುವ ಜೋಲಿಯ ನಂಬರುಗಳನ್ನೂ ಹಿಡಿದು ಒಬ್ಬ ನಾವಿಕನ ಹೆಸರು ಪತ್ತೆಮಾಡಿದ ರಾತ್ರಿ, ಲೆಕ್ಕ ಬಿಡಿಸಿದ ಸಂತೋಷಕ್ಕಿಂತ ಬೇರೆಯದೇನನ್ನೋ ಪಡೆಯುತ್ತಾನೆ. ಸತ್ತವನೊಬ್ಬ ಅವನ ಪರಿಚಿತನಾಗುತ್ತಾನೆ.

ಈ ಬುದ್ಧಿ ಪರದೇಶದಿಂದ ಬಂದದ್ದು ಎನ್ನುವವರು ಮನೆಯ ಕಪಾಟಿನ ಕಾಗದಪತ್ರಗಳನ್ನು ಒಮ್ಮೆ ಬಿಚ್ಚಿ ನೋಡಬೇಕು. ಕುಮಾರಧಾರೆಯ ದಡದ ಒಂದೇ ತೋಟ, ಅಜ್ಜನ ಅಜ್ಜನ ದಸ್ತಾವೇಜಿನಲ್ಲಿ ಉಪ್ಪಿನಂಗಡಿ ತಾಲೂಕಿನಲ್ಲಿದೆ, ಅಜ್ಜನದರಲ್ಲಿ ಪುತ್ತೂರಿನಲ್ಲಿ, ಅಪ್ಪನದರಲ್ಲಿ ಸುಳ್ಯದಲ್ಲಿ, ಈಗಿನ ಪಹಣಿಯಲ್ಲಿ ಕಡಬದಲ್ಲಿ. ತೋಟ ಕದಲಲಿಲ್ಲ, ತಾಲೂಕುಗಳೇ ಅದರ ಮೇಲೆ ಹಾದುಹೋದವು. ಪಟ್ಟಾ ಇರುವ ವರ್ಗ ಜಾಗದ ಗಡಿಯಿಂದ 450 ಲಿಂಕ್ಸ್‌ವರೆಗಿನ ಸರಕಾರಿ ಜಾಗಕ್ಕೆ ಕುಮ್ಕಿ ಎನ್ನುತ್ತಾರೆ. ಆ ಗಡಿಕಲ್ಲು ಎಲ್ಲಿ ಎಂಬುದು ಮೂರು ತಲೆಮಾರಿನ ಪತ್ತೇದಾರಿ. ಇನ್ನು ಜೋಯಿಸರ ತಾಂಬೂಲ ಪ್ರಶ್ನೆ. ಪ್ರಶ್ನೆ ಕೇಳುವವರು ತಂದ ಎಲೆಗಳಲ್ಲಿ ಹನ್ನೆರಡು, ಜಾತಕದ ಹನ್ನೆರಡು ಭಾವಗಳು. ಎಣಿಕೆ ಪೂರ್ವಾಹ್ನವಾದರೆ ಮೇಲಿನಿಂದ, ಅಪರಾಹ್ನವಾದರೆ ಕೆಳಗಿನಿಂದ. ಯಾವ ಎಲೆ ಹರಿದಿದೆ, ಯಾವುದು ಬಾಡಿದೆ, ಎಲ್ಲಿ ತೂತು ಎಂದು ನೋಡಿ ಹಿಂದಿನವರು ಯಾವ ಬನ ಕಡಿದರು, ಯಾವ ಹರಕೆ ಬಾಕಿ ಎಂದು ಹೇಳುವುದು. ಹದಿಮೂರನೆಯ ಭಾವ ಕಂಬಕ್ಕೆ ಒರಗಿ ಕೇಳುತ್ತಿರುತ್ತಾನೆ. ಅದನ್ನು ನಂಬುವುದು ಬಿಡುವುದು ಬೇರೆ ಮಾತು. ಕಣ್ಣೆದುರಿನ ವಸ್ತುವಿನ ಗಾಯದಿಂದ ಹಿಂದಿನ ಕತೆ ಕಟ್ಟುವ ಈ ಕ್ರಮಕ್ಕೂ ಓಬ್ರಾ ಡಿನ್ನಿನ ಕ್ರಮಕ್ಕೂ ದೂರ ಕಡಿಮೆ.

ಹಾಗಾದರೆ ಮನೆಯಲ್ಲೇ ಇಷ್ಟು ಒಗಟುಗಳಿರುವಾಗ ಹಡಗಿನ ಒಗಟು ಯಾಕೆ? ಯಾಕೆಂದರೆ ಮನೆಯ ಒಗಟಿಗೆ ಉತ್ತರವಿದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆಯ ಅಡಿಕೆಯ ಹಳದಿ ಎಲೆ ರೋಗವನ್ನೇ ನೋಡಿ. ಕೇರಳದಲ್ಲಿ ಅದು 1914ರ ಹೊತ್ತಿಗೇ ಕಂಡದ್ದು. ವಿಜ್ಞಾನಿಗಳು ಪತ್ತೇದಾರರಾಗಿ ತಮ್ಮ ಕೆಲಸ ಮಾಡಿದ್ದಾರೆ: ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಸಿಕ್ಕಿದೆ, ಅದನ್ನು ಮರದಿಂದ ಮರಕ್ಕೆ ಹೊರುವ ಜಿಗಿಹುಳವೂ ಸಿಕ್ಕಿದೆ. ಅಪರಾಧಿ ಗೊತ್ತು, ಸಹಚರ ಗೊತ್ತು. ಮರ ಮಾತ್ರ ಹಳದಿಯಾಗುತ್ತಲೇ ಇದೆ, ಗುಣಪಡಿಸುವ ಮದ್ದಿಲ್ಲ. ಅಡಿಕೆ ಧಾರಣೆಯ ಕತೆಯೂ ಅದೇ. 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು ಧಾರಣೆ ಕುಸಿತದ ಕಷ್ಟಕ್ಕೆ ಉತ್ತರವಾಗಿ. ಅದು ದೊಡ್ಡ ಉತ್ತರವೇ, ಆದರೂ ನಾಳೆಯ ರೇಟು ಇಂದು ಹೇಳುವವರಿಲ್ಲ. ಇಂಥ ನೆಲದಲ್ಲಿ ಹಗಲಿಡೀ ನಡೆದವನಿಗೆ ರಾತ್ರಿ ಒಂದು ಆಟ ಮಾತು ಕೊಡುತ್ತದೆ: ಇಲ್ಲಿ ಅಡಗಿಸಿಟ್ಟ ಪ್ರತಿಯೊಂದಕ್ಕೂ ಕಾರಣವಿದೆ, ಉತ್ತರವನ್ನು ಒಬ್ಬ ಮನುಷ್ಯ ಯೋಚಿಸಿ ಇಟ್ಟಿದ್ದಾನೆ, ನೀನು ಸರಿಯಾಗಿ ನೋಡಿದರೆ ಅದು ಸಿಗುತ್ತದೆ. ಈ ಆಟಗಳ ಸೆಳೆತವೆಲ್ಲ ಈ ಮಾತಿನಲ್ಲಿದೆ. ಸುಡೊಕು ಕೂಡ ಅದೇ ಮಾತು ಕೊಡುತ್ತದೆ, ಸರಿ. ಆದರೆ ಅದು ಅಂಕಿಗಳ ಬಗ್ಗೆ ಕೊಡುತ್ತದೆ. ಕತೆಯ ಆಟ ಮನುಷ್ಯರ ಬಗ್ಗೆ ಕೊಡುತ್ತದೆ. ಯಾರು ಯಾಕೆ ಹಾಗೆ ಮಾಡಿದರು ಎಂಬುದಕ್ಕೆ ಖಚಿತ ಉತ್ತರ ಭಾವನಿಗೆ ಬೇರೆಲ್ಲೂ ಸಿಗುವುದಿಲ್ಲ, ದೊಡ್ಡಪ್ಪನ ವಿಷಯದಲ್ಲಂತೂ ಇಲ್ಲವೇ ಇಲ್ಲ.

ಒಬ್ಬ ಅಡಗಿಸುವುದು, ಇನ್ನೊಬ್ಬ ಹುಡುಕುವುದು, ಇದರಲ್ಲಿ ಜಾಣತನ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಸುಮ್ಮನೆ ಊಹಿಸುತ್ತ ಹೋದರೂ ಆಗುತ್ತದಲ್ಲ? ಒಳ್ಳೆಯ ಆಟಗಾರನಿಗಿಂತ ಮೊದಲೇ ಒಳ್ಳೆಯ ಆಟ ಇದನ್ನು ಯೋಚಿಸಿರುತ್ತದೆ. ಓಬ್ರಾ ಡಿನ್ ಸಾಮಾನ್ಯವಾಗಿ ಮೂರು ಜನರ ಗತಿ ಸರಿಯಾದ ಮೇಲೆ ಮಾತ್ರ 'ಹೌದು' ಎನ್ನುತ್ತದೆ. ಒಂದನ್ನು ಗುಡ್ಡೆಗೆ ಕಲ್ಲೆಸೆದಂತೆ ಹೇಳಿ ಪಾರಾಗುವಂತಿಲ್ಲ. 2019ರ 'ಔಟರ್ ವೈಲ್ಡ್ಸ್' ಇನ್ನೂ ಕಠಿಣ: ಅಲ್ಲಿ ಪ್ರತಿ 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲವೂ ಮೊದಲಿನಿಂದ. ಮುಂದಿನ ಸುತ್ತಿಗೆ ಒಯ್ಯಲು ಸಿಗುವುದು ಆಡುವವನಿಗೆ ತಿಳಿದದ್ದು ಮಾತ್ರ. ಈ ವಿನ್ಯಾಸವನ್ನು ಜಗತ್ತು ಹೊಗಳಿತು. ಮಳೆಗಾಲದಲ್ಲಿ ಕರೆಂಟು ಒಮ್ಮೆ ಬಂದರೆ 22 ನಿಮಿಷ ನಿಲ್ಲುವುದೇ ಪುಣ್ಯವಾದ ಸುಳ್ಯದಲ್ಲಿ ಅದನ್ನು ಯಾರೂ ಹೊಸತೆನ್ನಲಾರರು.

ಹೊತ್ತು ಹಾಳು ಎಂಬ ದೂರು ಹೆಚ್ಚು ಗಟ್ಟಿಯದು. ಮಳೆ ಬಿಟ್ಟ ಬಿಸಿಲಿಗೆ ತೋಟಕ್ಕೆ ಮದ್ದು ಬಿಡಬೇಕು. ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರು ನೀರು, ಕೊಳೆರೋಗ ಯಾರ ಪತ್ತೇದಾರಿಗೂ ಕಾಯುವುದಿಲ್ಲ. ಆ ದಿನ ಲ್ಯಾಪ್‌ಟಾಪಿನ ಮುಂದೆ ಕೂತ ಭಾವನ ಪರವಾಗಿ ವಾದಿಸಲು ಏನೂ ಇಲ್ಲ. ಆದರೆ ಆಟಿ ತಿಂಗಳಲ್ಲಿ ಹೊಯ್ಯುವ ಮಳೆಗೆ ಚಾವಡಿಯಿಂದ ಇಳಿಯಲಾಗದ ದಿನಗಳೂ ಇವೆ. ಆ ತಿಂಗಳಿಗೆಂದೇ ಹಿರಿಯರು ಅಟ್ಟದಿಂದ ಚೆನ್ನೆಮಣೆ ಇಳಿಸುತ್ತಿದ್ದರು, ಹದಿನಾಲ್ಕು ಗುಳಿಗಳಲ್ಲಿ ಕಾಯಿ ಓಡಿಸುತ್ತ ಎದುರುಕತೆ, ಅಂದರೆ ಒಗಟು, ಹಾಕುತ್ತಿದ್ದರು. ಆಟಿ ಮುಗಿದರೆ ಮಣೆ ಮತ್ತೆ ಅಟ್ಟಕ್ಕೆ. ಭಾವನ ತಪ್ಪು ಆಡುವುದರಲ್ಲಿಲ್ಲ. ಅವನ ಮಣೆಗೆ ಅಟ್ಟವಿಲ್ಲ, ಅಷ್ಟೆ. ಈ ತಕರಾರನ್ನು ನಾನು ಪೂರ್ತಿ ಒಪ್ಪುತ್ತೇನೆ.

ಒಪ್ಪಲಾಗದ್ದು ಅವನ ಇನ್ನೊಂದು ಗುಣ: ಕೊನೆಯನ್ನು ಯಾರಿಗೂ ಹೇಳುವುದಿಲ್ಲ. ತಾಳಮದ್ದಳೆಯ ಸೀಮೆಯಲ್ಲಿ ಇದು ಹೊಸ ರೋಗ. 'ವಾಲಿವಧೆ'ಗೆ ಕೂತವರಲ್ಲಿ ವಾಲಿ ಸಾಯುವುದು ಗೊತ್ತಿಲ್ಲದವರು ಯಾರೂ ಇಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದಕ್ಕೆ ರಾಮ ಇವತ್ತು ಏನು ಸಮಾಧಾನ ಹೇಳುತ್ತಾನೆ ಎಂದು ಕೇಳಲು ಬಂದವರು ಅವರು. ಅಲ್ಲಿ ಕತೆ ಎಲ್ಲರ ಆಸ್ತಿ, ಅರ್ಥ ಮಾತ್ರ ಆ ರಾತ್ರಿಯದು. ಭಾವನ ಆಟದಲ್ಲಿ ತಿರುಗಾಮುರುಗಾ. ತಿಳಿವಳಿಕೆಯೇ ಅಲ್ಲಿ ಕೀಲಿಕೈ. ಬೇರೆಯವರು ಕೊಟ್ಟರೆ ಬಾಗಿಲು ತೆರೆಯುತ್ತದೆ, ತೆರೆದವನು ನೀನಲ್ಲ. ಹಾಗಾಗಿ ಅವನ ಮೌನಕ್ಕೂ ನ್ಯಾಯವಿದೆ. ಚಾವಡಿಯ ಈಸಿಚೇರಿನ ಮಾವ ಆ ನ್ಯಾಯಕ್ಕೆ ಸೊಪ್ಪು ಹಾಕುವವರಲ್ಲ. "ಕಡೆಗೆ ಆ ಹಡಗಿನ ಕ್ಯಾಪ್ಟನ್ ಎಂತ ಆದ?" "ಹೇಳಿದರೆ ಸ್ವಾರಸ್ಯ ಹೋಗ್ತದೆ ಮಾವ." "ವಾಲಿಯನ್ನು ಕೊಂದದ್ದು ರಾಮ. ಈಗ ನಿನ್ನ ಸ್ವಾರಸ್ಯ ಎಷ್ಟು ಹೋಯಿತು ಮಾರಾಯ?" ಭಾವ ಸ್ವಲ್ಪ ಹೊತ್ತು ಯೋಚಿಸುತ್ತಾನೆ. "ಬೇಕಾದರೆ ಒಂದು ಸುಳಿವು ಕೊಡ್ತೇನೆ."