ಅಕ್ಷಪಾದೀಯ ತುಕ್ಕುಮೀಮಾಂಸೆ

ಶಾಸ್ತ್ರಗ್ರಂಥ ಬರೆಯಲು ಕೂತವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, 1971ರ ಎಂಜಿಬಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಅಡಿಭಾಗ ಮತ್ತು ಹಿಂದಿನ ಆಕ್ಸಲ್. ಪ್ರಯೋಜನ ಈವರೆಗೆ ಕಂಡುಬಂದಿಲ್ಲ. ಸಂಬಂಧ, ಮಾವ ಅಳಿಯ. ಇನ್ನು ಅಧಿಕಾರಿ ಯಾರೆಂದರೆ, ಕಾರಿನ ಕೆಳಗೆ ಅಂಗಾತ ಮಲಗಿ ಬಾಯಿ ಮುಚ್ಚಿಕೊಂಡು ಮೇಲೆ ನೋಡಬಲ್ಲವನು. ಬಾಯಿ ತೆರೆದವನಿಗೆ ಮೊದಲ ಪಾಠದಲ್ಲೇ ತುಕ್ಕಿನ ಪ್ರಸಾದವಾಗುತ್ತದೆ. ಇದು ಗ್ರಂಥಕರ್ತನ ಸ್ವಾನುಭವ.

ಸದರಿ ಗ್ರಂಥಕರ್ತ ಬದುಕಿಡೀ ತರ್ಕಶಾಸ್ತ್ರ ಪಾಠ ಹೇಳಿ ನಿವೃತ್ತನಾಗಿ, ಆರು ತಿಂಗಳ ವೀಸಾದ ಮೇಲೆ ಪತ್ನೀಸಮೇತ ಆಕ್ಸ್‌ಫರ್ಡ್‌ಶೈರಿನಲ್ಲಿರುವ ಮಗಳ ಮನೆಗೆ ಹೋಗಿದ್ದ. ಎಂಜಿಬಿ ಹುಟ್ಟಿದ ಆಬಿಂಗ್ಡನ್ ಅದೇ ಜಿಲ್ಲೆಯಲ್ಲಿದೆ. 1962ರಿಂದ 1980ರವರೆಗೆ ಆ ಊರಿನ ಕಾರ್ಖಾನೆ ಐದು ಲಕ್ಷಕ್ಕೂ ಮಿಕ್ಕಿ ಎಂಜಿಬಿಗಳನ್ನು ಲೋಕಕ್ಕೆ ಬಿಟ್ಟಿತು. ಅವುಗಳಲ್ಲಿ ಒಂದು ಊರೆಲ್ಲ ಸುತ್ತಿ ಮುಪ್ಪಿನಲ್ಲಿ ನಮ್ಮ ಅಳಿಯಂದಿರ ಗ್ಯಾರೇಜು ಸೇರಿತ್ತು. ಮಾವನಿಗೆ ಹೊತ್ತು ಹೋಗುತ್ತಿರಲಿಲ್ಲ, ಅಳಿಯನಿಗೆ ಟಾರ್ಚ್ ಹಿಡಿಯುವವರು ಬೇಕಿತ್ತು. ಶಾಸ್ತ್ರಗಳು ಹುಟ್ಟುವುದು ಹೀಗೆ.

ನ್ಯಾಯಸೂತ್ರಗಳನ್ನು ರಚಿಸಿದ ಗೌತಮನಿಗೆ ಅಕ್ಷಪಾದ ಎಂದೂ ಹೆಸರಿದೆ. ಯೋಚಿಸುತ್ತ ನಡೆದು ಬಾವಿಗೆ ಬಿದ್ದನಂತೆ, ದೇವರು ಕನಿಕರಪಟ್ಟು ಪಾದದಲ್ಲಿ ಕಣ್ಣು ಕೊಟ್ಟನಂತೆ. ಇದು ಕಾರು ಬಿಚ್ಚದ ಪಂಡಿತರ ಕಲ್ಪನೆ. ಅಕ್ಷ ಎಂದರೆ ಕಣ್ಣು, ಪಗಡೆಯ ದಾಳ, ಗಾಡಿಯ ಅಚ್ಚು ಎಂದು ಮೂರೂ ಅರ್ಥವುಂಟು. ಮೂರನ್ನೂ ಒಂದೆಡೆ ಸೇರಿಸಿ ನೋಡಿ: ದಾಳ ಉರುಳಿಸಿದ ಹಾಗೆ ಹಳೆಯ ಕಾರು ಕೊಂಡು, ಅದರ ಅಚ್ಚಿನ ಕೆಳಗೆ ಪಾದಗಳಷ್ಟೇ ಹೊರಗೆ ಕಾಣುವಂತೆ ಮಲಗಿ, ಕಣ್ಣು ಕಣ್ಣು ಬಿಡುತ್ತಿದ್ದ ಮಹಾನುಭಾವನೇ ಅಕ್ಷಪಾದ. ಆಕ್ಷೇಪವಿರುವವರು ಭಾನುವಾರ ಬೆಳಿಗ್ಗೆ ಅಳಿಯಂದಿರ ಗ್ಯಾರೇಜಿನ ಬಾಗಿಲಲ್ಲಿ ನಿಂತು ಆ ಎರಡು ಪಾದಗಳನ್ನು ನೋಡಿ ಬಂದು ಆಮೇಲೆ ಮಾತಾಡಲಿ.

ತುಕ್ಕು ಇದೆಯೆಂದು ತಿಳಿಯುವುದು ಹೇಗೆ? ಗೌತಮ ನಾಲ್ಕೇ ಪ್ರಮಾಣಗಳನ್ನು ಒಪ್ಪುತ್ತಾನೆ, ಭಾಟ್ಟ ಮೀಮಾಂಸಕರು ಆರು ಎನ್ನುತ್ತಾರೆ. ಜೀವನವಿಡೀ ಗೌತಮನ ಪಕ್ಷದಲ್ಲಿದ್ದ ಈ ಲೇಖಕ ಗ್ಯಾರೇಜಿನಲ್ಲಿ ಪಕ್ಷಾಂತರ ಮಾಡಬೇಕಾಯಿತು.

ಪ್ರತ್ಯಕ್ಷವನ್ನು ನಂಬಿ ಕೆಟ್ಟವರೇ ಹೆಚ್ಚು. ನಿಂತು ನೋಡಿದರೆ ಕಾರು ಕೆಂಪಗೆ ಥಳಥಳ ಹೊಳೆಯುತ್ತಿತ್ತು. ಮಾರಿದವರು ತೋರಿಸಿದ್ದೂ ನಿಂತುಕೊಂಡೇ. ಅನುಮಾನ ಇದಕ್ಕಿಂತ ವಾಸಿ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ, ಬಣ್ಣದಲ್ಲಿ ಗುಳ್ಳೆ ಕಂಡರೆ ಹಿಂದೆ ತೂತನ್ನು ಊಹಿಸಬೇಕು. ಹಿಂದಿನ ಚಕ್ರದ ಮೇಲ್ಗಡೆ ನಾಲ್ಕಾಣೆ ನಾಣ್ಯದಷ್ಟು ಗುಳ್ಳೆಯಿತ್ತು. ಉಗುರಿನಿಂದ ಕೆರೆದರೆ ಅಂಗೈಯಗಲ ಉದುರಿತು. ಕಬ್ಬಿಣ ನೀರು ಗಾಳಿಗಳ ಸಹವಾಸದಿಂದ ತುಕ್ಕಾದಾಗ ತಾನು ಮೊದಲಿದ್ದ ಜಾಗದ ಹಲವು ಪಟ್ಟು ಜಾಗ ಕೇಳುತ್ತದೆ. ಎರಡು ತಗಡು ಕೂಡಿದ ಸಂದಿನಲ್ಲಿ ಹೊಕ್ಕಿತೋ, ಒಂದು ಕೋಣೆ ಬಾಡಿಗೆಗೆ ಹಿಡಿದವರು ಪಡಸಾಲೆಗೂ ಚಾಪೆ ಹಾಸಿದ ಹಾಗೆ, ಬೆಸುಗೆಯನ್ನೇ ಸೀಳಿಕೊಂಡು ಉಬ್ಬುತ್ತದೆ.

ಶಬ್ದಪ್ರಮಾಣ ಎಂದರೆ ಆಪ್ತರ ಮಾತು ಎಂದು ನಾವು ಪಾಠ ಹೇಳುತ್ತಿದ್ದೆವು. ತಪ್ಪು. ಅದು ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದಾಗ ಬರುವ ಶಬ್ದ. ಠಣ್ ಎಂದರೆ ತಗಡು ಬದುಕಿದೆ. ದಬ್ ಎಂದರೆ ಒಳಗಿರುವುದು ಪುಟ್ಟಿ. ಏನೂ ಅನ್ನದೆ ಸ್ಕ್ರೂಡ್ರೈವರೇ ಒಳಗೆ ಹೊರಟುಹೋದರೆ ಅದು ಮೌನವ್ಯಾಖ್ಯಾನ, ದಕ್ಷಿಣಾಮೂರ್ತಿಯ ಮಟ್ಟದ್ದು. ಬಾಗಿಲ ಕೆಳಗಿನ ಸಿಲ್ ಎಂಬ ಉದ್ದನೆಯ ಪೆಟ್ಟಿಗೆಭಾಗವನ್ನು ಅಳಿಯಂದಿರು ಕುಟ್ಟುತ್ತ ಬಂದರು. ಠಣ್, ಠಣ್, ದಬ್, ದಬ್, ಆಮೇಲೆ ಮೌನ. ಟಾರ್ ಬಣ್ಣದ ಅಂಡರ್‌ಸೀಲನ್ನು ಕೆರೆದರೆ ಪುಟ್ಟಿ, ಪುಟ್ಟಿಯನ್ನು ಕೆರೆದರೆ ಕೋಳಿಗೂಡಿನ ಜಾಲರಿ, ಜಾಲರಿಯಾಚೆ ಏನೂ ಇಲ್ಲ. ಓಲೆಗರಿ ಪರಿಷ್ಕರಿಸುವವರು ಇಂಥದ್ದನ್ನು ಪ್ರಕ್ಷಿಪ್ತ ಎನ್ನುತ್ತಾರೆ. ಮೂಲಪಾಠ ಲುಪ್ತವಾದ ಕಡೆ ಯಾರೋ ಲಿಪಿಕಾರ ಕೈಗೆ ಸಿಕ್ಕಿದ್ದನ್ನು ತುಂಬಿ, ಮೇಲೆ ಕಪ್ಪು ಬಳಿದು, ಗ್ರಂಥ ಸಂಪೂರ್ಣ ಎಂದು ಮುಗಿಸಿದ್ದ. ಬಿರುಕು ಬಿಟ್ಟ ಅಂಡರ್‌ಸೀಲ್‌ನಂಥ ವಂಚಕ ಇನ್ನೊಂದಿಲ್ಲ: ನೀರನ್ನು ಒಳಗೆ ಬಿಟ್ಟುಕೊಂಡು ಹೊರಗೆ ಬಿಡುವುದಿಲ್ಲ.

ಉಪಮಾನಕ್ಕೆ ನಮ್ಮವರ ಉದಾಹರಣೆ, ಹಸುವಿನಂತಿರುವ ಕಾಡುಪ್ರಾಣಿ ಗವಯ. ನನಗೆ ಗೊತ್ತಿದ್ದ ಹಸು ಅಂಬಾಸಡರ್. ಎಂಜಿಬಿಯ ಬಾನೆಟ್ ಎತ್ತಿದಾಗ ಊರಿನ ಟ್ಯಾಕ್ಸಿ ಸ್ಟ್ಯಾಂಡ್ ನೆನಪಾದದ್ದು ಬರಿಯ ಭ್ರಮೆಯಲ್ಲ. ಎರಡೂ ಬ್ರಿಟಿಷ್ ಕಾರು ಕಂಪನಿ ಬಿಎಂಸಿಯವರ ಬಿ ಸೀರೀಸ್ ಎಂಜಿನ್ನಿನ ವಂಶಸ್ಥರು. ಹಳೆಯ ಅಂಬಾಸಡರಿನದು 1489 ಸಿಸಿ, ಇದರದ್ದು 1798. ಕಲಿಯದೆ ಬಂದ ಕುಲವಿದ್ಯೆಯೆಂದರೆ ಎಣ್ಣೆ ಸೋರುವುದು. ಇಲ್ಲೊಂದು ಪ್ರಮೇಯವನ್ನು ಬಿಡುವಂತಿಲ್ಲ: ಎಂಜಿನ್ನಿನ ಕೆಳಗೆ, ಎಣ್ಣೆ ಸೋರಿ ಜಿಡ್ಡು ಹೆಪ್ಪುಗಟ್ಟಿದ ಕಡೆ, ಐವತ್ತು ವರ್ಷದ ಬಣ್ಣ ಮದುವಣಗಿತ್ತಿಯಂತಿತ್ತು. ಸೋರದ ಕಡೆಯೆಲ್ಲ ತುಕ್ಕು. ಆದ್ದರಿಂದ ದೋಷವೇ ರಕ್ಷಣೆ. ಇದನ್ನು ಓದುಗರು ನೆನಪಿನಲ್ಲಿಡಬೇಕು, ಗ್ರಂಥದ ಕೊನೆಯಲ್ಲಿ ಕೆಲಸವಿದೆ.

ಅರ್ಥಾಪತ್ತಿ: ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವಾದರೆ ರಾತ್ರಿ ಉಣ್ಣುತ್ತಿರಬೇಕು. ಹಗಲೆಲ್ಲ ಹೊದಿಕೆ ಹೊದ್ದು ನಿಂತ ಕಾರು ದಿನೇದಿನೇ ತೆಳ್ಳಗಾಗುತ್ತಿದೆಯಾದರೆ ರಾತ್ರಿ ಯಾರೋ ಅದನ್ನು ಉಣ್ಣುತ್ತಿದ್ದಾರೆ. ಕೊನೆಯದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಇಲ್ಲ ಎಂಬ ಅರಿವು ಯಾವ ಪ್ರಮಾಣದಿಂದ ಬರುತ್ತದೆಂದು ಸಾವಿರ ವರ್ಷ ಜಗಳವಾಗಿದೆ. ಅಳಿಯಂದಿರು ಡ್ರೈವರ್ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಕರೆದರು.

"ಮಾವ, ಇಲ್ಲಿ ನೋಡಿ. ಏನು ಕಾಣ್ತಿದೆ?"

"ನೆಲ."

"ಕಾರಿನ ನೆಲವೋ, ಗ್ಯಾರೇಜಿನ ನೆಲವೋ?"

ಗ್ಯಾರೇಜಿನದು. ಅಭಾವವನ್ನು ಇಷ್ಟು ನಿಚ್ಚಳವಾಗಿ ನಾನು ಎಲ್ಲೂ ಕಂಡಿರಲಿಲ್ಲ. ಅಂದೇ ಆರನೆಯ ಪ್ರಮಾಣವನ್ನು ಒಪ್ಪಿದೆ.

ರೋಗಮೂಲದ ಬಗ್ಗೆ ಎರಡು ಮಾತು ಸಾಕು. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ಬ್ರಿಟನ್ನಿನವರು ಕಲ್ಲುಪ್ಪು ಎರಚುತ್ತಾರೆ. ಚೆಷೈರಿನ ವಿನ್ಸ್‌ಫರ್ಡಿನಲ್ಲಿ ನೆಲದಡಿ ಆ ಉಪ್ಪಿನ ದೊಡ್ಡ ಗಣಿಯಿದೆ. ಉಪ್ಪುನೀರಿನಲ್ಲಿ ವಿದ್ಯುತ್ತು ಸರಾಗ ಹರಿಯುವುದರಿಂದ ತುಕ್ಕಿನ ಕೆಲಸ ಚುರುಕಾಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ಮನುಷ್ಯರಿಗೆ ಹೇಳಿದ್ದೆಂದುಕೊಂಡಿದ್ದೆ. ಸಿಲ್‌ನ ಒಳಗೆ ಸೇರಿದ ನೀರು ಹೊರಹೋಗಲೆಂದು ಕಾರ್ಖಾನೆಯವರು ತೂತುಗಳನ್ನು ಬಿಟ್ಟಿದ್ದರು. ಅವನ್ನೂ ನಮ್ಮ ಲಿಪಿಕಾರ ಶ್ರದ್ಧೆಯಿಂದ ಮೆತ್ತಿ ಮುಚ್ಚಿದ್ದ.

ಈಗ ಪೂರ್ವಪಕ್ಷ. ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಡಿಸದ ಕಾರುಗಳಿಗೆ 2018ರ ಮೇ ತಿಂಗಳಿಂದ ಅಲ್ಲಿ ಎಂಒಟಿ ಎಂಬ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಸರ್ಕಾರವೇ ಕೇಳದಿದ್ದಾಗ ನೆಲ ಏಕೆ ಬೇಕು? ಸಿದ್ಧಾಂತವನ್ನು ಮಗಳು ಅಡುಗೆಮನೆಯಿಂದಲೇ ಮಂಡಿಸಿದಳು: "ಆ ಕಾರಲ್ಲಿ ನಾನು ಕೂರಬೇಕಾದ್ರೆ ನನ್ನ ಕಾಲು ರಸ್ತೆಗೆ ತಾಗಬಾರದು." ಖಂಡಿಸಲು ಯಾರೂ ಮುಂದೆ ಬರಲಿಲ್ಲ.

ಸಿಲ್ ಕತ್ತರಿಸುವ ಮುನ್ನ ಒಂದು ಎಚ್ಚರಿಕೆ. ಇದಕ್ಕೆ ಹಿಂದಿನ ಎಂಜಿಎ ಕಾರಿಗೆ ಪ್ರತ್ಯೇಕ ಚಾಸಿ ಇತ್ತು, ಎಂಜಿಬಿಗೆ ಇಲ್ಲ. ಇಡೀ ಮೈಯೇ ಅದರ ಬೆನ್ನೆಲುಬು. ಮೇಲೆ ಮಾಡೂ ಇಲ್ಲದ ಈ ಕಾರನ್ನು ನಡು ಮುರಿಯದಂತೆ ಹಿಡಿದಿರುವುದು ಮುಖ್ಯವಾಗಿ ಎರಡೂ ಬದಿಯ ಸಿಲ್‌ಗಳು. ಆಸರೆ ಕೊಡದೆ ಅವನ್ನು ಕತ್ತರಿಸಿದರೆ ಕಾರು ಮಧ್ಯದಲ್ಲಿ ಜೋತುಬೀಳುತ್ತದೆ, ಬಾಗಿಲು ಮತ್ತೆ ಕೂರುವುದಿಲ್ಲ. ಅಳಿಯಂದಿರು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪ್ ಬೆಸೆದು, ಒಂದೊಂದೇ ಬದಿಯನ್ನು ಕತ್ತರಿಸಿ ಹೊಸ ತಗಡು ಕೂರಿಸಿದರು. ಆ ಎರಡು ತಿಂಗಳು ವೆಲ್ಡಿಂಗ್ ಬೆಳಕನ್ನು ನೋಡಬೇಡಿರೆಂದು ನನ್ನನ್ನು ಒಳಗೆ ಕಳಿಸುತ್ತಿದ್ದುದರಿಂದ ಈ ಪ್ರಕರಣ ಚಿಕ್ಕದು.

ಆಕ್ಸಲ್ ಪ್ರಕರಣ ಮಾತ್ರ ಚಿಕ್ಕದಾಗುವಂತಿಲ್ಲ. ತರ್ಕದಲ್ಲಿ ಅನವಸ್ಥಾ ಎಂಬ ದೋಷವಿದೆ: ಒಂದಕ್ಕೆ ಇನ್ನೊಂದು ಆಧಾರ, ಅದಕ್ಕೆ ಮತ್ತೊಂದು, ಕೊನೆಯಿಲ್ಲ. ಆಕ್ಸಲ್ ಇಳಿಸಲು ಯು ಬೋಲ್ಟ್ ಬಿಚ್ಚಬೇಕು. ಯು ಬೋಲ್ಟಿನ ನಟ್ಟುಗಳು ತುಕ್ಕಿನಲ್ಲಿ ಬೋಲ್ಟಿನೊಂದಿಗೆ ಅದ್ವೈತ ಸಾಧಿಸಿದ್ದವು. ಕಾಯಿಸೋಣವೆಂದರೆ ಪಕ್ಕದಲ್ಲಿ ಬ್ರೇಕ್ ಪೈಪು. ಪೈಪು ಬಿಚ್ಚೋಣವೆಂದರೆ ಅದರ ನಟ್ಟು ಪೈಪನ್ನು ಕಚ್ಚಿಕೊಂಡಿದೆ. ನಟ್ಟು ತಿರುಗಿಸಿದರೆ ಪೈಪೂ ಜಡೆಯಂತೆ ಹೆಣೆದುಕೊಳ್ಳುತ್ತದೆ. ಇದು ಅನ್ಯೋನ್ಯಾಶ್ರಯ. ಮೂರು ಸಂಜೆ ತುಕ್ಕು ಸಡಿಲಿಸುವ ಎಣ್ಣೆ ಹೊಡೆದು ಕಾದೆವು. ನಾಲ್ಕನೆಯ ಸಂಜೆ ಅಳಿಯಂದಿರು ಸ್ಪ್ಯಾನರ್ ಕೆಳಗಿಟ್ಟು ಗ್ರೈಂಡರ್ ಕೈಗೆತ್ತಿಕೊಂಡರು. ಕಿಡಿ ಹಾರಿತು, ನಟ್ಟು ತುಂಡಾಗಿ ಬಕೆಟಿಗೆ ಬಿತ್ತು. ಗೌತಮ ಹದಿನಾರು ಪದಾರ್ಥಗಳನ್ನು ಎಣಿಸಿದ್ದಾನೆ. ಗ್ರೈಂಡರ್ ಹದಿನೇಳನೆಯದು.

ಕಮಾನ್ ಪಟ್ಟಿಗಳಿಂದ ಬಿಡಿಸಿ, ಜಾಕಿನ ಮೇಲೆ ಇಳಿಸಿ ಎಳೆದು ತಂದಾಗ ಆಕ್ಸಲ್ ನೋಡಲು ಹುತ್ತದಿಂದ ತೆಗೆದ ವಿಗ್ರಹದಂತಿತ್ತು. ವೈರ್ ಬ್ರಷ್‌ನಿಂದ ಉಜ್ಜುವ ಸೇವೆ ನನ್ನ ಪಾಲಿಗೆ ಬಂತು. ಪುರಾಣದಲ್ಲಿ ಚಕ್ರದ ರಿಪೇರಿಗೆ ಅತ್ಯಂತ ದುಬಾರಿ ಕೂಲಿ ಪಡೆದವಳು ಕೈಕೇಯಿ. ದಶರಥನ ರಥದ ಕಡಾಣಿ ಕಳಚಿದಾಗ ಬೆರಳಿಟ್ಟು ನಿಲ್ಲಿಸಿದಳೆಂದು ಕಥೆ. ಬಿಲ್ಲು ಎರಡು ವರ. ಇಲ್ಲಿ ಹಬ್ಬಿನ ಬೇರಿಂಗ್ ಮತ್ತು ಆಯಿಲ್ ಸೀಲುಗಳ ಬಿಲ್ಲು ಬಂದ ದಿನ ಅಳಿಯಂದಿರು ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ಮಗಳಿಗೆ ಇನ್ನೂ ಗೊತ್ತಿಲ್ಲ.

ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಬೇರೆಯೇ ಲೋಕ. ಹೊರಗೆ ಅಷ್ಟು ತುಕ್ಕು, ಒಳಗೆ ಕ್ರೌನ್ ಪಿನಿಯನ್ ಎಣ್ಣೆಸ್ನಾನ ಮಾಡಿ ಎದ್ದಂತೆ ಮಿರುಗುತ್ತಿತ್ತು. ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 11. ಭಾಗಿಸಿದರೆ 3.909. ಇಂಥ ಒಡೆದ ಲೆಕ್ಕ ಏಕೆ, ನೇರವಾಗಿ ನಾಲ್ಕು ಮಾಡಬಾರದಿತ್ತೇ ಎಂದೆ. ಅಳಿಯಂದಿರು ವಿವರಿಸಿದರು: ಎರಡಕ್ಕೂ ಸಮಾನ ಅಪವರ್ತನವಿಲ್ಲದ್ದರಿಂದ ಒಂದೇ ಜೋಡಿ ಹಲ್ಲುಗಳು ಮತ್ತೆ ಮುಖಾಮುಖಿಯಾಗಬೇಕಾದರೆ ಕ್ರೌನ್ 11 ಸುತ್ತು, ಪಿನಿಯನ್ 43 ಸುತ್ತು ಹಾಕಬೇಕು. ಅಷ್ಟರಲ್ಲಿ ಪ್ರತಿ ಹಲ್ಲೂ ಇನ್ನೊಂದರ ಪ್ರತಿ ಹಲ್ಲನ್ನು ಸಂಧಿಸಿರುತ್ತದೆ, ಸವೆತ ಎಲ್ಲರಿಗೂ ಸಮಪಾಲು. ಕೂಡುಕುಟುಂಬಗಳು ಒಡೆದದ್ದು ಈ ಗಣಿತ ತಿಳಿಯದೆ.

ಇನ್ನು ಅಸ್ತಿತ್ವದ ಪ್ರಶ್ನೆ. ಹೊಸ ಸಿಲ್, ಹೊಸ ನೆಲ, ಹೊಸ ಬುಷ್, ಹೊಸ ಪೈಪು. ಇದು ಅದೇ ಕಾರೇ? ನಾಗಸೇನ ಭಿಕ್ಷು ಮಿಲಿಂದ ರಾಜನಿಗೆ ಕೇಳಿದ್ದು ಇದನ್ನೇ: ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ? ಯಾವುದೂ ಅಲ್ಲವೆಂದು ರಾಜ ಒಪ್ಪಿದ. ಅವನಿಗೆ ನೋಂದಣಿ ಪತ್ರದ ತಾಪತ್ರಯವಿರಲಿಲ್ಲ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಎಂಜಿಬಿಯ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಕೊಡುತ್ತಿದೆ ಎಂದು ತಿಳಿದಾಗ, ಅದನ್ನೇ ಕೊಳ್ಳಬಹುದಿತ್ತಲ್ಲ ಎಂದೆ. ಅಳಿಯಂದಿರು ನನ್ನ ಕಡೆ ನೋಡಿದ ನೋಟದಲ್ಲಿ, ಮಂದಿರದ ಬದಲು ಫೋಟೋಗೆ ಪೂಜೆ ಮಾಡಿ ಎಂದವನನ್ನು ಅರ್ಚಕರು ನೋಡುವ ರೀತಿಯಿತ್ತು.

ಕೊನೆಯ ವಾರ ಆಕ್ಸಲಿಗೆ ಬಣ್ಣ ಬಳಿಯುವ ಹೊಣೆ ನನಗೆ ಬಂತು. ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದೆ. ಉಳಿದ ಕೆಂಪು ತುಕ್ಕು ಕಪ್ಪು ಫಾಸ್ಫೇಟಾಗಿ ಸುಮ್ಮನಾಯಿತು. ಮೇಲೆ ಸತುವಿನ ಪ್ರೈಮರ್, ಏಕೆಂದರೆ ಸತು ಕಬ್ಬಿಣಕ್ಕಿಂತ ಮೊದಲು ತಾನು ಕರಗಿ ಅದನ್ನು ಉಳಿಸುತ್ತದೆ. ಆಮೇಲೆ ಕಪ್ಪು ಬಣ್ಣ ಎರಡು ಕೈ. ಒಂದು ಕೂದಲೆಳೆಯಷ್ಟೂ ಜಾಗ ಬಿಡದೆ ಬಳಿದೆ. ಆಕ್ಸಲಿನ ಮೇಲ್ಭಾಗದಲ್ಲಿ ಸಣ್ಣದೊಂದು ಮೊಳೆತಲೆಯಂಥದ್ದಿತ್ತು, ಅದಕ್ಕೂ ಬಳಿದೆ. ಅಳಿಯಂದಿರು ಬೆನ್ನು ತಟ್ಟಿದರು. ವೀಸಾ ಮುಗಿಯಿತು, ನಾವು ಮೈಸೂರಿಗೆ ಮರಳಿದೆವು.

ಮೊನ್ನೆ ಅಳಿಯಂದಿರು ಫೋನು ಮಾಡಿದ್ದರು. ಕಾರು ರಸ್ತೆಗಿಳಿದಿದೆ, ಮಗಳು ಕೂತಿದ್ದಾಳೆ, ಕಾಲು ತಾಗಿಲ್ಲ. ಆದರೆ ಎಡಗಡೆಯ ಹಬ್ಬಿನಿಂದ ಆಕ್ಸಲ್ ಎಣ್ಣೆ ತೊಟ್ಟಿಕ್ಕುತ್ತಿದೆಯಂತೆ. ಓಡುವಾಗ ಆಕ್ಸಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಹೊರಹೋಗಲು ಮೇಲೊಂದು ಉಸಿರುಗಂಡಿ ಇರುತ್ತದೆ, ಅದು ಕಟ್ಟಿಕೊಂಡರೆ ಎಣ್ಣೆ ಸೀಲನ್ನು ದೂಡಿಕೊಂಡು ಬರುತ್ತದೆ, ಅದೇಕೆ ಕಟ್ಟಿಕೊಂಡಿತೋ ತಿಳಿಯುತ್ತಿಲ್ಲ ಮಾವ, ಎಂದರು.

ಎಣ್ಣೆ ಸೋರಿದ ಕಡೆ ತುಕ್ಕು ಬರುವುದಿಲ್ಲ, ಹಾಗೇ ಬಿಡಿ ಎಂದೆ. ಆ ಮೊಳೆತಲೆಯ ವಿಚಾರ ಇನ್ನೂ ಹೇಳಿಲ್ಲ.