ಮೀನಿಲ್ಲದ ತೊಟ್ಟಿ: ಎಸ್ಪ್ಲನೇಡಿನಲ್ಲೊಂದು ಅಭಾವಶಾಸ್ತ್ರ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ಮೊದಲು ನಾಲ್ಕು ಮಾತು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ: ಕೊಲ್ಕತ್ತದ ಎಸ್ಪ್ಲನೇಡಿನ ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ, ತಿಂಗಳ ಇಪ್ಪತ್ತಕ್ಕೇ ಸಂಬಳ ಮುಗಿಸಿಕೊಳ್ಳುವ ಕನ್ನಡದ ಗುಮಾಸ್ತನೊಬ್ಬ ಉಪ್ಪುನೀರಿನ ಹವಳದ ತೊಟ್ಟಿ ಹೂಡುವ ಬಗೆ. ಪ್ರಯೋಜನ ಇನ್ನೂ ಕಂಡುಬಂದಿಲ್ಲ. ಸಂಬಂಧ: ಹೆಂಡತಿಯ ಜೊತೆಗಿದ್ದದ್ದು ಕೊಂಚ ಹಳಸಿದೆ. ಅಧಿಕಾರಿ ಯಾರೆಂದರೆ, ಕೈಯಲ್ಲಿ ಕಾಸಿಲ್ಲದವನು. ಕಾಸಿದ್ದವನು ಅಂಗಡಿಯವನಿಗೆ ಹೇಳಿ ಮಾಡಿಸಿಕೊಳ್ಳುತ್ತಾನೆ. ಅವನಿಗೆ ಶಾಸ್ತ್ರ ಯಾತಕ್ಕೆ?

ಮೊದಲು ಸ್ಥಳನಿರ್ಣಯ. ಎಸ್ಪ್ಲನೇಡ್ ಎಂದರೆ ಕೋಟೆಯ ಮುಂದಿನ ಬಯಲು, ಇಲ್ಲವೇ ಕಡಲ ದಂಡೆಯ ತಿರುಗಾಟದ ಹಾದಿ. ಬೇರೆ ಊರುಗಳಲ್ಲಿ ಈ ಹೆಸರಿನ ಜಾಗದಲ್ಲಿ ನಿಂತರೆ ಸಮುದ್ರ ಕಾಣುತ್ತದೆ. ಇಲ್ಲಿ ಬಸ್ಸು ಕಾಣುತ್ತದೆ. ಹೂಗ್ಲಿಯಲ್ಲಿ ಉಬ್ಬರ ಇಳಿತ ಉಂಟು, ಉಪ್ಪಿಲ್ಲ. ಬಂಗಾಳದ ಕರಾವಳಿಗೆ ಹೋದರೂ ಹವಳದ ದಿಬ್ಬ ಸಿಗದು. ಗಂಗೆ, ಬ್ರಹ್ಮಪುತ್ರಗಳು ಸುರಿಯುವ ಸಿಹಿನೀರು ಮತ್ತು ಹೂಳಿನಲ್ಲಿ ಹವಳ ಉಸಿರು ಹಿಡಿಯುವುದಿಲ್ಲ.

ಆದರೆ ಪಂಡಿತನಾದವನು ಇಷ್ಟಕ್ಕೆ ಕೈಚೆಲ್ಲಬಾರದು. ಮೈಸೂರಿಗೂ ಹವಳಕ್ಕೂ ಎಸ್ಪ್ಲನೇಡಿಗೂ ನಂಟಿದೆಯೆಂದು ಈ ಲೇಖಕನ ಸಂಶೋಧನೆ. ನಮ್ಮ ಮನೆಯ ಹತ್ತಿರ, ಧರ್ಮತಲಾ ಮೂಲೆಯಲ್ಲಿ, ಟಿಪ್ಪುವಿನ ಮಗ ಗುಲಾಮ್ ಮಹಮ್ಮದ್ ಕಟ್ಟಿಸಿದ ಮಸೀದಿಯಿದೆ. 1806ರ ವೇಲೂರು ದಂಗೆಯ ಮೇಲೆ ಬ್ರಿಟಿಷರು ಟಿಪ್ಪುವಿನ ಮನೆಮಂದಿಯನ್ನು ಇಲ್ಲಿಗೆ ಸಾಗಹಾಕಿದ್ದರಲ್ಲ, ಆ ಕುಟುಂಬದವನು. ಮಸೀದಿ ಎದ್ದದ್ದು 1842ರಲ್ಲಿ. ಹವಳದ ದಿಬ್ಬಗಳ ರಚನೆಯ ಮೇಲೆ ಡಾರ್ವಿನ್ ಪುಸ್ತಕ ಹೊರಬಂದದ್ದೂ 1842ರಲ್ಲೇ! ಇವೆರಡಕ್ಕೂ ಏನು ಸಂಬಂಧ ಎಂದು ಕೇಳುವವರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ. ಚೌರಂಗಿಯ ಇಂಡಿಯನ್ ಮ್ಯೂಸಿಯಂ ಕೂಡ ನಡೆದುಹೋಗುವಷ್ಟೇ ದೂರ. ಅಲ್ಲಿನ ಸೂಪರಿಂಟೆಂಡೆಂಟ್ ಆಗಿದ್ದ ಆಲ್ಕಾಕ್, ‘ಇನ್ವೆಸ್ಟಿಗೇಟರ್’ ಹಡಗು ಆಳಸಮುದ್ರದಿಂದ ಎತ್ತಿ ತಂದ ಹವಳಗಳ ಬಗ್ಗೆ 1898ರಲ್ಲೇ ಬರೆದಿದ್ದಾನೆ. ಅವನಿಗೆ ಹಡಗು ಕೊಟ್ಟಿದ್ದರು. ನನಗೆ ಗ್ರಾಚ್ಯುಟಿ ಕೂಡ ದೂರವಿದೆ.

ಇನ್ನು ಪೂರ್ವಪಕ್ಷ. ಪೂರ್ವಪಕ್ಷಿ ಭಟ್ಕಳದ ಕಡೆಯವಳು, ಈ ಮನೆಯಲ್ಲೇ ಅಡಿಗೆ ಮಾಡುತ್ತಾಳೆ. “ರೀ, ಮುರುಡೇಶ್ವರದ ಎದುರಿಗೆ ನೇತ್ರಾಣಿ ಇದೆ. ಸುತ್ತ ಹವಳವೂ ಇದೆ, ಬೇಕಾದಷ್ಟು ಮೀನೂ ಇದೆ. ಅದಕ್ಕೆ ಯಾರಾದ್ರೂ ಕರೆಂಟ್ ಬಿಲ್ ಕಟ್ತಾರಾ?” ಈ ವಾದಕ್ಕೆ ಖಂಡನೆ ಇಲ್ಲದ ಕಾರಣ ಮುಂದಿನ ಪ್ರಕರಣಕ್ಕೆ ಹೋಗೋಣ.

ಪಾತ್ರ: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಕಲ್ಲು ಮರಳಿನ ಜಾಗ ಬಿಟ್ಟು ಹಿಡಿಯುವುದು ಸುಮಾರು 50 ಲೀಟರು. ಫ್ಯಾನು, ವೈರು, ಪ್ಲಗ್ಗು ಎಲ್ಲ ಕೊಲ್ಕತ್ತದ್ದೇ ಆದ ಚಾಂದನಿ ಚೌಕದಲ್ಲಿ ಚೌಕಾಸಿ ಮಾಡಿ ತಂದವು. ಕಲ್ಲನ್ನು ಬಿಳಿ ಸಿಮೆಂಟು ಮತ್ತು ಚಿಪ್ಪಿನ ಪುಡಿ ಕಲಸಿ ನಾನೇ ಎರಕ ಹೊಯ್ದೆ. ಹಸಿ ಸಿಮೆಂಟು ನೀರನ್ನು ಕ್ಷಾರ ಮಾಡುತ್ತದೆಂದು ವಾರಗಟ್ಟಲೆ ನೆನೆಹಾಕಿ ನೀರು ಬದಲಿಸುತ್ತಿರಬೇಕು. ನಾನು ನೆನೆಹಾಕಿದ್ದು ಸ್ನಾನದ ಬಕೆಟ್ಟಿನಲ್ಲಿ. ಆ ಆರು ವಾರ ನಾವಿಬ್ಬರೂ ಅಡಿಗೆಮನೆಯ ಕೊಳದಪ್ಪಲೆಯಲ್ಲಿ ನೀರು ಮೊಗೆದು ಸ್ನಾನ ಮಾಡಿದೆವೆಂಬುದು ಗ್ರಂಥದಲ್ಲಿ ದಾಖಲಾಗತಕ್ಕ ವಿಷಯ.

ಲವಣ: ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 50 ಲೀಟರಿಗೆ ಒಂದೂಮುಕ್ಕಾಲು ಕಿಲೋ. ಉಳಿತಾಯದ ಹುಚ್ಚು ಹತ್ತಿದವನಿಗೆ ಅಡಿಗೆ ಉಪ್ಪಿನ ಡಬ್ಬ ಕಣ್ಣಿಗೆ ಬೀಳುವುದು ಇಲ್ಲೇ. ಬೀಳಬಾರದು. ಸಮುದ್ರದ ನೀರೆಂದರೆ ಸೋಡಿಯಂ ಕ್ಲೋರೈಡ್ ಒಂದೇ ಅಲ್ಲ. ಲೀಟರಿಗೆ 400 ಮಿಲಿಗ್ರಾಂ ಕ್ಯಾಲ್ಸಿಯಂ, ಅದರ ಮೂರು ಪಟ್ಟು ಮೆಗ್ನೀಷಿಯಂ, ಇನ್ನೂ ಏನೇನೋ. ತೊಟ್ಟಿ ಕಟ್ಟುವವರಿಗೆಂದೇ ಮಾಡಿದ ಉಪ್ಪು ಕಿಲೋಗೆ ನೂರಾರು ರೂಪಾಯಿ. ಅದನ್ನು ಕೊಂಡ ದಿನ ಪೂರ್ವಪಕ್ಷಿ ಸಾರಿಗೆ ಉಪ್ಪು ಹಾಕಲಿಲ್ಲ. “ಖರ್ಚು ಜಾಸ್ತಿ ಆಯ್ತಲ್ಲ” ಎಂದಳು.

ಈಗ ಗ್ರಂಥದ ಹೃದಯಕ್ಕೆ ಬಂದೆವು. ನೀರು ತುಂಬಿಸಿ, ಕಲ್ಲಿಟ್ಟು, ಪಂಪು ಹಾಕಿದ ಮೇಲೆ ಹವ್ಯಾಸಿ ಮಾಡಬೇಕಾದ್ದು ಒಂದೇ: ಮೀನು ಬಿಡದಿರುವುದು. ನಾಲ್ಕರಿಂದ ಆರು ವಾರ. ಮೀನಿನ ಹೇಲಿನಿಂದ, ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು. ಈ ಎರಡು ವಂಶಗಳೂ ಕಲ್ಲಿನ ಮೇಲೆ ಬೇರೂರುವವರೆಗೆ ತೊಟ್ಟಿ ಖಾಲಿ. ಅಲ್ಲಿಯವರೆಗೆ ಕೆಳಗಿನ ಮಹಡಿಯ ಮನೆಯೊಡೆಯರು ದಿನವೂ ಮೇಲೆ ಬಂದು, ಗಾಜಿಗೆ ಮೂಗು ತಾಗಿಸಿ, “ಮಾಛ್ ಕೋಥಾಯ್?” ಎನ್ನುವರು. ಮೀನೆಲ್ಲಿ?

ಬಂಗಾಳದಲ್ಲಿ ಈ ಪ್ರಶ್ನೆಗೆ ಸುಮ್ಮನೆ ಉತ್ತರ ಕೊಡಲಾಗದು. ನವದ್ವೀಪದ ನೈಯಾಯಿಕರು ‘ಇಲ್ಲ’ ಎಂಬುದನ್ನೇ ಜೀವಮಾನವಿಡೀ ಅಳೆದವರು. ಅವರ ಉದಾಹರಣೆ ನೆಲದ ಮೇಲಿಲ್ಲದ ಗಡಿಗೆಯದು. ನಮ್ಮಲ್ಲಿ ಗಡಿಗೆ ಇದೆ, ಒಳಗಿನದಿಲ್ಲ. ಅಭಾವ ನಾಲ್ಕು ಬಗೆ. ಮೀನು ಸಾರಲ್ಲ ಎಂಬುದು ಅನ್ಯೋನ್ಯಾಭಾವ. ಮನೆಯೊಡೆಯರಿಗೆ ಇದು ಈಗಲೂ ಒಪ್ಪಿಗೆಯಿಲ್ಲ. ಗಟ್ಟಿ ಹವಳ ನನ್ನ ತೊಟ್ಟಿಯಲ್ಲಿ ಇಲ್ಲದಿರುವುದು ಅತ್ಯಂತಾಭಾವ: ಅವನ್ನು 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿಯ ಪಕ್ಕಕ್ಕೆ, ಸೇರಿಸಿದ್ದಾರೆ. ಕದ್ದು ತಂದು ಮಾರುವವರು ಇದ್ದಾರೆ; ಕೊಂಡವನು ಜೈಲಿನಲ್ಲಿ ಶಾಸ್ತ್ರ ಬರೆಯಬಹುದು. ಬಡ ಹವ್ಯಾಸಿಯ ದುಡ್ಡನ್ನು ಇಷ್ಟು ಚೆನ್ನಾಗಿ ಉಳಿಸುವ ಕಾಯ್ದೆ ಇನ್ನೊಂದಿಲ್ಲ. ಉಳಿದವು ಎರಡು. ವಸ್ತು ಹುಟ್ಟುವ ಮೊದಲಿನ ಇಲ್ಲ, ಪ್ರಾಗಭಾವ: ಅದಕ್ಕೆ ಆದಿಯಿಲ್ಲ, ಅಂತ್ಯವಿದೆ. ವಸ್ತು ನಾಶವಾದ ಮೇಲಿನ ಇಲ್ಲ, ಪ್ರಧ್ವಂಸಾಭಾವ: ಅದಕ್ಕೆ ಆದಿಯಿದೆ, ಅಂತ್ಯವಿಲ್ಲ. ಗಾಜಿನಾಚೆಯಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಬರೀ ನೀರು. ಮೊದಲ ವಾರವೇ ಮೀನು ಬಿಡುವ ಅವಸರದವನು ಪ್ರಾಗಭಾವವನ್ನು ನಾಲ್ಕು ದಿನದಲ್ಲಿ ಪ್ರಧ್ವಂಸಾಭಾವ ಮಾಡಿಕೊಳ್ಳುತ್ತಾನೆ, ಮೀನಿನ ದುಡ್ಡು ಬೇರೆ.

ಬ್ಯಾಕ್ಟೀರಿಯಾಕ್ಕೆ ಅಮೋನಿಯಾ ಬೇಕಲ್ಲ? ಅದಕ್ಕೆ ಖಾಲಿ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸಬೇಕು. ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ನಿಂತು ಉದುರಿಸುತ್ತಿದ್ದೆ. ಪೂರ್ವಪಕ್ಷಿ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದಳು.

“ಇಲ್ಲದ ಮೀನಿಗೆ ಪಿಂಡ ಇಡ್ತಿದ್ದೀರಾ?”

“ಪ್ರಾಗಭಾವ ಕಣೇ. ಶ್ರಾದ್ಧ ಅಲ್ಲ, ಸೀಮಂತ.”

ಅವಳು ಒಳಗೆ ಹೋಗಿ ಒಗ್ಗರಣೆ ಸೀಸಿದಳು.

ಗೇಲಿಫ್ ಸ್ಟ್ರೀಟಿನ ಭಾನುವಾರದ ಸಂತೆಯಲ್ಲಿ ಪರಿಚಯವಾದ ಹಿರಿಯರೊಬ್ಬರು ತಮ್ಮ ಹಳೇ ತೊಟ್ಟಿಯ ಫಿಲ್ಟರಿನಿಂದ ಒಂದು ಮುಷ್ಟಿ ಸೆರಾಮಿಕ್ ಬಿಲ್ಲೆ ತೆಗೆದು, ಅದೇ ನೀರಿನಲ್ಲಿ ಮುಳುಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ದುಡ್ಡು ಮುಟ್ಟಲಿಲ್ಲ.

ಲೇಖಕನ ಪ್ರಮಾದವನ್ನೂ ಹೇಳಬೇಕು. ಮೇ ತಿಂಗಳ ಸೆಕೆಗೆ ತೊಟ್ಟಿಯ ಮೇಲೆ ಫ್ಯಾನು ತಿರುಗಿಸಿದೆ. ಇಲ್ಲಿನ ಗಾಳಿಯೇ ಒದ್ದೆ ಬಟ್ಟೆ, ತಂಪಾದದ್ದು ಅಷ್ಟಕ್ಕಷ್ಟೇ. ಆದರೂ ದಿನಕ್ಕೆ ಅರ್ಧ ಲೀಟರು ಆವಿಯಾಯಿತು. ಇಳಿದಷ್ಟನ್ನೂ ನಿಷ್ಠೆಯಿಂದ ಉಪ್ಪುನೀರಿನಲ್ಲೇ ತುಂಬಿಸಿದೆ. ಹೋದದ್ದು ನೀರು, ಉಪ್ಪು ಅಲ್ಲೇ ಉಳಿದಿತ್ತು ಎಂಬುದು ಹತ್ತನೇ ದಿನ ಹೊಳೆಯಿತು. ಹೆಚ್ಚಿಗೆ ಸೇರಿದ ಉಪ್ಪು 175 ಗ್ರಾಂ, ಸಾಂದ್ರತೆ 1.026 ಇರಬೇಕಾದ್ದು 1.029. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಅದೂ ಸಿಹಿನೀರು! ಆ ಹೊತ್ತಿಗೆ ತೊಟ್ಟಿಯಲ್ಲಿ ಮೀನಿರಲಿಲ್ಲವಾದ್ದರಿಂದ ಯಾರೂ ಸಾಯಲಿಲ್ಲ. ಅಭಾವದ ಲಾಭ.

ಸೋರಿಕೆಯ ಬಗ್ಗೆ ಮನೆಯೊಡೆಯರದು ಪ್ರತ್ಯೇಕ ಭಾಷ್ಯ. “2024ರಲ್ಲಿ ಸರ್ಕಾರ ಇದೇ ಎಸ್ಪ್ಲನೇಡಿಗೆ ಹೂಗ್ಲಿಯ ಅಡಿಯಿಂದ ರೈಲು ತಂತು. ಒಂದು ಹನಿ ತೊಟ್ಟಿಕ್ಕಲಿಲ್ಲ. ನೋಡ್ಕೊಳ್ಳಿ ದಾದಾ.”

ನಲವತ್ತೊಂದನೇ ರಾತ್ರಿ, ಅಮೋನಿಯಾ ಪರೀಕ್ಷೆಯ ಹಸಿರು ಅಳಿಸಿ ಹಳದಿ ಬಂದಿತ್ತು. ಹನ್ನೊಂದು ಗಂಟೆಗೆ ನೀರು ಕುಡಿಯಲೆದ್ದರೆ ಪೂರ್ವಪಕ್ಷಿ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೊಬೈಲಿನ ಟಾರ್ಚು ಬಿಟ್ಟಿದ್ದಳು. ಗಾಜಿನ ಒಳಮೈಯಲ್ಲಿ ರವೆಯ ನುಚ್ಚಿಗಿಂತ ಸಣ್ಣ ಬಿಳಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಕೊಪೆಪಾಡುಗಳು, ಬಿಲ್ಲೆಯ ಜೊತೆ ಬಂದವು. ಅವಳು ಎಣಿಸುತ್ತಿದ್ದಳು, ಮೂವತ್ತರ ಹತ್ತಿರ ತಪ್ಪಿ ಮತ್ತೆ ಒಂದರಿಂದ ಹಿಡಿದಳು. ನಾನು ಮಾತಾಡಲಿಲ್ಲ.

ಬೆಳಿಗ್ಗೆ ಮನೆಯೊಡೆಯರು ಬಂದು ಮೂಗು ತಾಗಿಸಿ ಕೇಳಿದರು, “ಮಾಛ್ ಕೋಥಾಯ್?” ನಾನು ನಾಲ್ಕು ಅಭಾವಗಳನ್ನು ಬಂಗಾಳಿಗೆ ಹೊಂದಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಡಿಗೆಮನೆಯಿಂದ, ಕಲಿತ ಇಪ್ಪತ್ತು ಬಂಗಾಳಿ ಮಾತುಗಳಲ್ಲಿ ಒಂದನ್ನು ಆರಿಸಿ ಅವಳೇ ಕೂಗಿ ಹೇಳಿದಳು:

“ಆಶ್ಛೇ!”

ಬರ್ತಾ ಇದೆ.