ಸಿಪ್ಪೆ ಸಂಘ

ನಮ್ಮ ವಾಟ್ಸಾಪ್ ಗುಂಪಿಗೆ ಯಜಮಾನರು ಇಟ್ಟ ಹೆಸರು 'ಸಿಪ್ಪೆ ಸಂಘ'. ತಪ್ಪೇನಿಲ್ಲ ಬಿಡಿ. ಹೀರೆಕಾಯಿ ಸಿಪ್ಪೆಗೆ ಚಟ್ನಿ, ಕಿತ್ತಳೆ ಸಿಪ್ಪೆಗೆ ಗೊಜ್ಜು, ಕಲ್ಲಂಗಡಿಯ ಬಿಳಿ ತಿರುಳಿಗೆ ದೋಸೆ. 'ಬಿಸಾಡು' ಎಂಬ ಕ್ರಿಯಾಪದವೇ ನಮ್ಮಲ್ಲಿಲ್ಲ. ಇರುವುದು ಹನ್ನೆರಡು ಮಂದಿ. ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಮೊನ್ನೆ ಇಡ್ಲಿಗೆ ರುಬ್ಬುವಾಗ ಮಿಕ್ಸಿ ನಿಂತುಹೋಯಿತು. "ಹೊಸದು ತಗೋ" ಅಂದರು ಯಜಮಾನರು. ಇದೂ ಒಂದು ಸಮಾಧಾನವೇ? ಗುಂಪಿನಲ್ಲಿ ಗೋಳು ತೋಡಿಕೊಂಡೆ. ಐದೇ ನಿಮಿಷಕ್ಕೆ ಹುಬ್ಬಳ್ಳಿಯ ಅಕ್ಕ, "ಬುಡಕ್ಕ ಕೆಂಪು ಬಟನ್ ಇರ್ತೈತಿ, ಒತ್ತಿ ನೋಡ್ರಿ" ಅಂದರು. ಒತ್ತಿದೆ. ತಿರುಗಿತು! ಹನ್ನೊಂದು ಮನೆಗಳಲ್ಲಿ ಹಬ್ಬ.

ಮಗನ ಶಾಲೆ ಫೀಸು ಕಟ್ಟಿದ ರಾತ್ರಿ ನಿದ್ದೆ ಬಾರದೆ ಒಬ್ಬಾಕೆ "ಯಾರಾದ್ರೂ ಎದ್ದಿದ್ದೀರಾ?" ಎಂದು ಕೇಳಿದಳು. ನಾಲ್ವರು ಎದ್ದಿದ್ದರು. ಅವರೂ ಅಂದೇ ಫೀಸು ಕಟ್ಟಿದ್ದರು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದಾಗ, ಇನ್ನು ಭೇಟಿಯಾಗೋಣ ಎಂದು ಎಲ್ಲರೂ ಕುಣಿದೆವು. ಚಿತ್ರಾನ್ನ, ಉಪ್ಪಿನಕಾಯಿ, ನೀರಿನ ಬಾಟಲಿ ಯಾರ್ಯಾರದ್ದು ಎಂದು ಆವತ್ತೇ ಹಂಚಿಕೆಯಾಯಿತು. ಫ್ಲಾಸ್ಕಿನಲ್ಲಿ ಕಾಫಿ ತರುವವರು ಯಾರು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.